ಗುಡ್ಡದ ಮೇಲಿನ ಆರು ಬಾಟ್ಲಿ

"ಆರಕ್ಕೆ ಆರೂ ಮನೆಯಲ್ಲಿ ಒಂದೇ ಥರ ಬಂದಿದೆ ಅಂದ್ರೆ ಅಕ್ಕ, ಇದು ನೀರಿನ ದೋಷಾನೇ. ಬೇರೆ ಏನೂ ಅಲ್ಲ," ಅಂದರು ಡಾಕ್ಟ್ರಮ್ಮ.

ನಾನು ಆರೋಗ್ಯ ಕೇಂದ್ರದ ಸ್ಟೂಲಿನ ಮೇಲೆ ಕೂತು ಖಾಲಿ ಬಾಟ್ಲಿಗಳಿಗೆ ಚೀಟಿ ಅಂಟಿಸುತ್ತಿದ್ದೆ. ಕೈಯಲ್ಲಿದ್ದ ಚೀಟಿ ಬಾಟ್ಲಿ ಬಿಟ್ಟು ಹೆಬ್ಬೆರಳಿಗೆ ಅಂಟಿಕೊಂಡಿತು.

"ಯಾವ ಆರು ಮನೆ ಮೇಡಂ?"

"ಗುಡ್ಡದ ಮೇಲಿಂದು. ನಿಮ್ಮ ಸುತ್ತಿಗೆ ಅಜ್ಜಿ ಮನೆ, ಅದರ ಸುತ್ತಮುತ್ತ. ನೋಡಿ ಇಲ್ಲಿ." ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಆರು ಸಾಲು. ಪ್ರತಿ ಸಾಲಿನ ಕೊನೆಯಲ್ಲೂ ಕೆಂಪು ಪೆನ್ನಿನಲ್ಲಿ ಮೂರು ಮೂರು ಕೂಡು ಗುರುತು, ಕಿಡ್ನಿ ಕೆಡುತ್ತಿದೆ ಅನ್ನೋದಕ್ಕೆ. "ಕೆಳಗೆ ಮುನ್ನೂರ ಆರು ಮನೆಯಲ್ಲಿ ಅಲ್ಲೊಂದು ಇಲ್ಲೊಂದು. ಮೇಲೆ ಆರಕ್ಕೆ ಆರು. ಅವರೆಲ್ಲ ಕುಡಿಯೋದು ಒಂದೇ ಬಾವಿ ತಾನೇ?"

"ಒಂದೇ."

"ಅಷ್ಟೇ. ಸಿಕ್ತು." ಡಾಕ್ಟ್ರಮ್ಮನ ಮುಖ ನೋಡಬೇಕಿತ್ತು ನೀವು. ಎರಡು ವರ್ಷದಿಂದ ನಮ್ಮ ಹಳ್ಳಿಗಳ ಧೂಳು ಕುಡಿದು, ಸೊರಗಿ, ಕನ್ನಡಕದ ಕಡ್ಡಿಗೆ ದಾರ ಕಟ್ಟಿಕೊಂಡಿದ್ದ ಹೆಂಗಸು, ಪರೀಕ್ಷೆಯಲ್ಲಿ ಪಾಸಾದ ಹುಡುಗಿ ಹಾಗೆ ನಗುತ್ತಿದ್ದರು. "ಬೇರೆ ಯಾರಾದ್ರೂ ಆಗಿದ್ರೆ ಆ ಗುಡ್ಡ ಹತ್ತುತ್ತಾನೇ ಇರಲಿಲ್ಲ. ಇದು ನಿಮ್ಮಿಂದಾನೇ ಗೊತ್ತಾಗಿದ್ದು, ಅಕ್ಕ. ವರದಿಯಲ್ಲಿ ನಿಮ್ಮ ಹೆಸರು ಹಾಕಿಸ್ತೀನಿ."

"ಅಯ್ಯೋ, ನನ್ನ ಹೆಸರು ಯಾಕೆ ಮೇಡಂ," ಅಂದೆ. ಅವರು ಅದನ್ನ ನಾಚಿಕೆ ಅಂದುಕೊಂಡರು. ನಾಚಿಕೆಯೇ, ಆದರೆ ಅವರು ಅಂದುಕೊಂಡ ಜಾತಿಯದಲ್ಲ.

"ಬಾವಿ ನೀರು ಪರೀಕ್ಷೆಗೆ ಕಳಿಸ್ತೀನಿ. ಬರೋಕೆ ಎರಡು ತಿಂಗಳಾಗುತ್ತೆ. ಅಲ್ಲೀವರೆಗೆ ಕುಡಿಯೋಕೆ ಬಿಡೋಕಾಗಲ್ಲ. ಸೋಮವಾರ ಬೆಸುಗೆಯವನನ್ನ ಕರ್ಕೊಂಡು ಹೋಗಿ ಬಾವಿಗೆ ಕಬ್ಬಿಣದ ಮುಚ್ಚಳ ಹಾಕಿಸಿಬಿಡೋಣ."

ಹೊರಗೆ ಡ್ರೈವರಣ್ಣ ಹಾರ್ನ್ ಹೊಡೆದ. ಆ ದಿನದ ಐಸ್ ಡಬ್ಬಿ ಜೀಪಿಗೆ ಏರಿಸಿ, ರೂಢಿಯಂತೆ ಗಾಡಿಯ ಮೈಗೆ ಎರಡು ಸಲ ತಟ್ಟಿದೆ, ಬಸ್ಸಿನ ಕಂಡಕ್ಟರ್ ತಟ್ಟುವ ಹಾಗೆ.

"ಹಾ, ಈಗ ಹೊರಡ್ತು ನೋಡಿ," ಅಂದ ಅವನು. "ನಮ್ಮ ಬಾಟ್ಲಿ ಅಕ್ಕ ತಟ್ಟದೇ ಇದ್ರೆ ಈ ಗಾಡಿ ಸ್ಟಾರ್ಟೇ ಆಗಲ್ಲ."

ದಿನವೂ ನಗುವ ಮಾತು. ಅವತ್ತು ನಗು ಬರಲಿಲ್ಲ.

*

ಬಾಟ್ಲಿ ಅಕ್ಕ ಅನ್ನೋದು ಊರು ನನಗಿಟ್ಟ ಹೆಸರು. ನಮ್ಮ ಕಡೆ ಕಲ್ಲುಗಣಿಗೆ ಹೋಗುವವರು, ಬಿಸಿಲಲ್ಲಿ ಕೂಲಿ ಮಾಡುವವರು, ಗಟ್ಟಿಮುಟ್ಟಾದವರೇ, ನಲವತ್ತು ದಾಟುವ ಹೊತ್ತಿಗೆ ಕಾಲು ಊದಿ, ಉಸಿರು ಸಿಗದೆ ಮಲಗಿಬಿಡುತ್ತಾರೆ. ದೊಡ್ಡಾಸ್ಪತ್ರೆ ಅರ್ಧ ದಿನದ ಬಸ್ಸಿನ ದಾರಿ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಕಿಡ್ನಿ ಮುಗಿದಿರುತ್ತದೆ. ಯಾಕೆ ಹೀಗೆ ಅಂತ ಯಾರಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳೋಣ ಅಂತಲೇ ಡಾಕ್ಟ್ರಮ್ಮ ಬಂದಿದ್ದು. ಹಳ್ಳಿಗೆ ಒಬ್ಬರಂತೆ ಅಲ್ಲಲ್ಲಿಯವರನ್ನೇ ಆರಿಸಿಕೊಂಡರು. "ಗೊತ್ತಿಲ್ಲದ ಮುಖಕ್ಕೆ ಜನ ಬಾಗಿಲು ತೆಗೀತಾರೆ, ಬಾಟ್ಲಿ ಕೊಡಲ್ಲ," ಅಂತ ಅವರ ಮಾತು.

ನಾನು ಓದಿದ್ದು ಏಳನೇ ಕ್ಲಾಸು. ಆಮೇಲಿನದೆಲ್ಲ ದಿನಸಿ ಕಟ್ಟಿದ ಕಾಗದದಿಂದ, ಔಷಧಿ ಡಬ್ಬಿಯ ಚೀಟಿಯಿಂದ, ಯಾರ್ಯಾರೋ ಬಿಸಾಕಿದ ಪುಸ್ತಕದಿಂದ ನಾನೇ ಕಲಿತದ್ದು. ಅಕ್ಷರ ಮಾತ್ರ ಮುತ್ತು. ಊರಿನ ಅರ್ಧ ಜನದ ಅರ್ಜಿ ಬರೆದಿದ್ದು ಈ ಕೈ. ಹಾಗಾಗಿ ಕೆಲಸ ನನಗೇ ಬಂತು.

ಕೆಲಸ ಏನಂದ್ರೆ, ಸಂಜೆ ಮನೆಮನೆಗೆ ಹೋಗಿ ಮನೆಗೊಬ್ಬರಿಗೆ ಮುಚ್ಚಳದ ಸಣ್ಣ ಬಾಟ್ಲಿ ಕೊಡೋದು, ಹದಿನೈದು ಪ್ರಶ್ನೆ ಕೇಳಿ ಬರೆದುಕೊಳ್ಳೋದು, ಮರುದಿನ ಬೆಳಗ್ಗೆ ಅವರು ಎದ್ದು ಮೊದಲು ಹೋಗುವ ಮೂತ್ರ ತುಂಬಿದ ಬಾಟ್ಲಿಯನ್ನ ಎಂಟು ಗಂಟೆಯ ಜೀಪಿಗೆ ಸೇರಿಸೋದು. ಮೊದಮೊದಲು ಜನ ಬಿಡ್ತಾರಾ? "ಕೇಳೋಕೆ ಬೇರೆ ಏನೂ ಸಿಗಲಿಲ್ವೇನೇ ನಿನಗೆ?" ಅಂತ ಹೆಂಗಸರು. "ಲೀಟರಿಗೆ ಎಷ್ಟು ಕೊಡ್ತೀರಕ್ಕ, ನಮ್ಮನೇಲಿ ಎಂಟು ಜನ ಇದೀವಿ" ಅಂತ ಗಣಿಯವರು. ನಗಿಸಿ, ನಕ್ಕು, ಅವರ ಮಕ್ಕಳ ಮೂಗು ಒರೆಸಿ, ಬಾಟ್ಲಿ ತಂದೆ. ತಿಂಗಳ ಸಭೆಯಲ್ಲಿ ಗೋಡೆಗೆ ಒಂದು ಪಟ್ಟಿ ಅಂಟಿಸುತ್ತಿದ್ದರು, ಯಾವ ಹಳ್ಳಿಯಿಂದ ನೂರಕ್ಕೆ ಎಷ್ಟು ಬಂತು ಅಂತ. ಪಕ್ಕದ ಹಳ್ಳಿಯಲ್ಲಿ ಇದೇ ಕೆಲಸ ಮಾಡುವ ಟೈಲರ್ ತಂಗಿಯದು ಎಪ್ಪತ್ತು, ಎಪ್ಪತ್ತೆರಡು. ಅವಳ ಅಕ್ಷರವೋ, ಕೋಳಿ ಕೆದಕಿದ ಹಾಗೆ. ನನ್ನದು ನೂರಕ್ಕೆ ನೂರು. "ಅಕ್ಕನ್ನ ನೋಡಿ ಕಲೀರಿ," ಅನ್ನುತ್ತಿದ್ದರು ಡಾಕ್ಟ್ರಮ್ಮ. ನಾನು ತಲೆ ತಗ್ಗಿಸಿ ಕೂರುತ್ತಿದ್ದೆ, ಒಳಗೊಳಗೇ ಹೋಳಿಗೆ ತಿಂದವಳ ಹಾಗೆ.

ಕೊನೆಗೆ ಉಳಿದಿದ್ದು ಗುಡ್ಡದ ಮೇಲಿನ ಆರು ಮನೆ. ಹತ್ತೋಕೆ ಮುಕ್ಕಾಲು ಗಂಟೆ. ಕಲ್ಲು ಒಡೆಯುವವರ ಮನೆಗಳು. ಅವರ ಹಿರಿಯಳು ಸುತ್ತಿಗೆ ಅಜ್ಜಿ. ನಲವತ್ತು ವರ್ಷ ಸುತ್ತಿಗೆ ಹಿಡಿದು ಅವಳ ಬಲಗೈ ಹೆಬ್ಬೆರಳು ಚಮಚದಂತೆ ಚಪ್ಪಟೆಯಾಗಿದೆ. ಸಂಜೆ ಹತ್ತಿ ಆರು ಬಾಟ್ಲಿ ಕೊಟ್ಟು ಬಂದೆ. ಬೆಳಗ್ಗೆ ಮತ್ತೆ ಹತ್ತಿ ಕೇಳಿದರೆ, ಅಜ್ಜಿ ಬಾಟ್ಲಿ ತಂದು ಮುಂದೆ ಹಿಡಿದಳು. ಒಳಗೆ ಖಾರದ ಪುಡಿ.

"ಏನಜ್ಜಿ ಇದು!"

"ಇಷ್ಟು ಬಿಗಿಯಾದ ಮುಚ್ಚಳ ನನ್ನ ಜನ್ಮದಲ್ಲಿ ನೋಡಿಲ್ಲ ಕಣೇ. ಇದರಲ್ಲಿ ಅದನ್ನ ತುಂಬೋಕೆ ಕೈ ಬರಲಿಲ್ಲ. ನಾನೊಬ್ಬಳು ಕೊಡದಿದ್ರೆ ಏನಾಗುತ್ತೆ? ಉಳಿದವರು ಕೊಡ್ತಾರೆ ಬಿಡು. ಅವರ ಹತ್ರ ಹೇಳಬೇಡ, ನಗ್ತಾರೆ."

ಎರಡನೇ ಮನೆಯ ಬಾಟ್ಲಿಯಲ್ಲಿ ತಲೆಗೆ ಹಚ್ಚೋ ಎಣ್ಣೆ. ಮೂರನೆಯದರಲ್ಲಿ ಸೂಜಿ, ಗುಂಡಿ. ನಾಲ್ಕನೆಯದರಲ್ಲಿ ಹರಳು ತುಂಬಿ ಕೂಸಿಗೆ ಗಿಲಕಿ ಮಾಡಿದ್ದರು. ಇನ್ನೆರಡು ಮನೆಯವರು ಬಾಗಿಲು ಸಂದಿನಲ್ಲೇ ನಿಂತು, "ನಾಳೆ ಖಂಡಿತ, ಅಕ್ಕ. ಬೇರೆ ಮನೆಯವರಿಗೆ ಹೇಳಬೇಡಿ," ಅಂದರು. ಪ್ರತಿಯೊಬ್ಬರಿಗೂ ತಾವೊಬ್ಬರೇ ಕೊಡದವರು ಅಂತ ನಾಚಿಕೆ.

ಇಳಿಯುವಾಗ ಗಂಟೆ ಏಳೂವರೆ. ಕೆಳಗೆ ಜೀಪು ಬರುವ ಹೊತ್ತು. ಪಟ್ಟಿ ಹಾಕುವುದು ಅವತ್ತೇ ಕೊನೆ. ಆರು ಕಡಿಮೆಯಾದರೆ ನೂರಕ್ಕೆ ತೊಂಬತ್ತೆಂಟು ಆಗುತ್ತಿತ್ತು. ತೊಂಬತ್ತೆಂಟು! ಯಾರು ಏನನ್ನುತ್ತಿದ್ದರು? ಯಾರೂ ಏನೂ ಅನ್ನುತ್ತಿರಲಿಲ್ಲ. ಅದೇ ನನ್ನನ್ನ ಇವತ್ತಿಗೂ ಚುಚ್ಚುವುದು. ಹೊಟ್ಟೆಪಾಡಿಗಾಗಿ ಮಾಡಿದ್ದರೆ ಒಂದು ಮಾತು. ನಾನು ಮಾಡಿದ್ದು ಗೋಡೆ ಮೇಲಿನ ಒಂದು ಅಂಕಿಗಾಗಿ.

ದಾರಿಯಲ್ಲಿ ಪಂಪ್‌ಸೆಟ್ಟಿನ ಕೋಣೆ. ಚೀಲದಲ್ಲಿ ಖಾಲಿ ಬಾಟ್ಲಿ ಇದ್ದವು. ಮುಂಜಾನೆ ಅವಸರದಲ್ಲಿ ನಾನೂ ಹೊರಗೆ ಹೋಗಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತಂತೆ. ನಾನು ಆ ಕೋಣೆಯ ಹಿಂದೆ ಹೋದೆ. ಒಬ್ಬಳದನ್ನೇ ಆರು ಬಾಟ್ಲಿಗೆ ಹಂಚಿದೆ. ಕಲ್ಲಿನ ಮೇಲೆ ಕೂತು, ಮುತ್ತಿನಂಥ ಅಕ್ಷರದಲ್ಲಿ, ಆರು ಜನರ ಹೆಸರು ಬರೆದೆ.

*

ಡಾಕ್ಟ್ರಮ್ಮ ಹಾಳೆ ತೋರಿಸಿದ ದಿನ ಮನೆಗೆ ಬಂದವಳು ಹೊಸ್ತಿಲಲ್ಲೇ ಕೂತೆ. ಆರು ಮನೆ ನೀರು ಕಳೆದುಕೊಳ್ಳುತ್ತದೆ ಅನ್ನುವುದು ಮೊದಲು ಹೊಳೆಯಿತು. ಎರಡನೆಯದು ಹೊಳೆಯಲು ನನ್ನ ಅತ್ತೆಯೇ ಬೇಕಾಯಿತು. ಮನೆಯಲ್ಲಿ ಇರುವುದು ನಾನು, ಅತ್ತೆ, ಮರ ಕೊಯ್ಯುವ ಮಿಲ್ಲಿಗೆ ಹೋಗುವ ನನ್ನ ಯಜಮಾನರು. ಅತ್ತೆಯ ಬಾಯಿ ಜೋರು, ಕಣ್ಣು ಅದಕ್ಕಿಂತ ಜೋರು.

"ಚಪ್ಪಲಿ ಬಿಚ್ಚಿದರೂ ಪಟ್ಟಿಯ ಗುರುತು ಹಾಗೇ ಇದೆಯಲ್ಲೇ ಕಾಲ ಮೇಲೆ," ಅಂದರು. ಬಗ್ಗಿ ನನ್ನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಹಿಟ್ಟಿನ ಮುದ್ದೆಗೆ ಒತ್ತಿದಂತೆ ಗುಳಿ ಬಿತ್ತು. ಮೇಲೆ ಬರಲಿಲ್ಲ. "ಊರ ಉಚ್ಚೆಯೆಲ್ಲ ನೋಡ್ತೀಯ, ನಿನ್ನ ಕಾಲು ನೋಡ್ಕೋಳೋಕೆ ಪುರುಸೊತ್ತಿಲ್ಲ."

"ಗುಡ್ಡ ಹತ್ತಿ ಇಳಿದು ಊದಿದೆ, ಅತ್ತೆ."

"ಗುಡ್ಡ ಹತ್ತೋ ಮೇಕೆಗೆ ಊದಲ್ವಲ್ಲ?"

ನಾನು ಆ ಗುಳಿಯನ್ನೇ ನೋಡುತ್ತಿದ್ದೆ. ಹನ್ನೊಂದನೇ ಪ್ರಶ್ನೆ ನೆನಪಾಯಿತು. 'ಮೂತ್ರ ಹೋದಾಗ ನೊರೆ ಬಂದು ನಿಲ್ಲುತ್ತದೆಯೇ?' ಮುನ್ನೂರಕ್ಕೂ ಹೆಚ್ಚು ಜನರನ್ನ ಕೇಳಿದ್ದೆ. ಅವರಿಗೆ ನಾಚಿಕೆಯಾಗದಿರಲಿ ಅಂತ ಬೇರೆ ಕಡೆ ನೋಡುತ್ತಾ ಕೇಳುತ್ತಿದ್ದೆ. ನನ್ನದು ಎಷ್ಟೋ ತಿಂಗಳಿಂದ ಸೋಪಿನ ನೀರಿನ ಹಾಗೆ ನೊರೆಯುತ್ತಿತ್ತು. ಪಂಪ್‌ಸೆಟ್ಟಿನ ಕೋಣೆ ಹಿಂದೆಯೂ ನೊರೆ ಇಳಿಯಲಿ ಅಂತ ಕಾದು ಮುಚ್ಚಳ ಹಾಕಿದ್ದೆ. ಆ ಆರು ಸಾಲಿನ ಕೆಂಪು ಗುರುತೆಲ್ಲ ನನ್ನವು. ಕಾಯಿಲೆ ನನ್ನದು, ಹೆಸರು ಅವರದು.

ಭಯ ಆಗಬೇಕಿತ್ತಲ್ಲ? ನಿಜ ಹೇಳುತ್ತೇನೆ, ಆಗಲಿಲ್ಲ. ನಾಚಿಕೆಯೇ ಎಷ್ಟು ಜಾಗ ಹಿಡಿದಿತ್ತೆಂದರೆ ಭಯಕ್ಕೆ ಕಾಲಿಡಲು ಎಡೆಯಿರಲಿಲ್ಲ. ಔಷಧಿ ಕೇಳಬೇಕು ಅಂದರೆ ಬಾಟ್ಲಿಯ ಕತೆ ಹೇಳಬೇಕು. ಬಾಟ್ಲಿಯ ಕತೆ ಹೇಳುವುದಕ್ಕಿಂತ ಊದಿದ ಕಾಲೇ ವಾಸಿ ಅನ್ನಿಸಿತು.

ಭಾನುವಾರ ಒಂದು ಉಪಾಯ ಹೊಳೆದು ಡಾಕ್ಟ್ರಮ್ಮನಿಗೆ ಫೋನ್ ಮಾಡಿದೆ. "ಮೇಡಂ, ಮುಚ್ಚಳ ಹಾಕೋಕೆ ಮುಂಚೆ ಇನ್ನೊಂದು ಸಲ ಬಾಟ್ಲಿ ತಗೊಂಡ್ರೆ?"

"ತಗೊಳ್ಳೋಣ ಅಕ್ಕ. ಬಾವಿ ಮುಚ್ಚಿ ಒಂದು ತಿಂಗಳಾದ ಮೇಲೆ."

"ಆಗ ಎಲ್ಲ ಸರಿಯಾಗಿದೆ ಅಂತ ಬಂದ್ರೆ ಬಾವಿ ಬಿಚ್ಚಬಹುದಾ?"

"ಅಯ್ಯೋ, ಉಲ್ಟಾ!" ಅವರು ನಕ್ಕರು. "ಬಾವಿ ಮುಚ್ಚಿದ ಮೇಲೆ ಸರಿಯಾಯ್ತು ಅಂದ್ರೆ ಬಾವಿಯದೇ ತಪ್ಪು ಅಂತ ಗಟ್ಟಿಯಾಗುತ್ತೆ. ಆಮೇಲೆ ನೀರಿನ ಪರೀಕ್ಷೆ ಏನೇ ಹೇಳಲಿ, ಮತ್ತೆ ಯಾವತ್ತೂ ಬಿಚ್ಚೋ ಹಾಗಿಲ್ಲ."

ಫೋನ್ ಇಟ್ಟೆ. ಮುಂದಿನ ತಿಂಗಳು ಆ ಆರು ಜನರ ಬಾಟ್ಲಿ ಸರಿಯಾಗಿ ಬಂದೇ ಬರುತ್ತದೆ. ಅವರಿಗೆ ಏನೂ ಆಗಿಲ್ಲವಲ್ಲ. ನನ್ನ ಸುಳ್ಳಿಗೆ ಅವರ ಆರೋಗ್ಯವೇ ಸಾಕ್ಷಿ ಹೇಳುತ್ತದೆ, ಏನೂ ಅರಿಯದ ಬಾವಿಗೆ ಜೀವಾವಧಿ ಶಿಕ್ಷೆ.

*

ಸೋಮವಾರ ಬೆಳಗ್ಗೆ ಜೀಪು ಗುಡ್ಡದ ಬುಡದವರೆಗೆ ಹೋಯಿತು. ಅಲ್ಲಿಂದ ನಡಿಗೆ. ಮುಂದೆ ಮುಚ್ಚಳ ಹೊತ್ತ ಬೆಸುಗೆಯವನು ಮತ್ತು ಡ್ರೈವರಣ್ಣ, ಹಿಂದೆ ಡಾಕ್ಟ್ರಮ್ಮ, ಅವರ ಹಿಂದೆ ನಾನು. ಮುಚ್ಚಳ ಕಲ್ಲಿಗೆ ತಾಗಿದಾಗಲೆಲ್ಲ ಗಂಟೆ ಬಾರಿಸಿದಂತೆ ಸದ್ದು. ಪಂಪ್‌ಸೆಟ್ಟಿನ ಕೋಣೆ ದಾಟುವಾಗ ಆ ಕಡೆ ನೋಡಲಿಲ್ಲ. ಹೇಳಬೇಕು, ಈ ತಿರುವಿನಲ್ಲಿ ಹೇಳಿಬಿಡುತ್ತೇನೆ, ಇಲ್ಲ ಆ ಬಂಡೆ ಬರಲಿ ಅಂದುಕೊಳ್ಳುತ್ತಲೇ ಗುಡ್ಡ ಮುಗಿದುಹೋಯಿತು.

ಬಾವಿಯ ಸುತ್ತ ಆರು ಮನೆಯವರೂ ಸೇರಿದ್ದರು. ಡಾಕ್ಟ್ರಮ್ಮ ವಿಷಯ ಹೇಳಿದರು, ನಿಧಾನವಾಗಿ, ಒಳ್ಳೆ ಮಾತಿನಲ್ಲಿ. ಕಿಡ್ನಿ, ನೀರು, ಎರಡು ತಿಂಗಳು, ಕೆಳಗಿನ ನಲ್ಲಿಯಿಂದ ತರಬೇಕು. ಗುಡ್ಡದವರು ಒಬ್ಬರು ಇನ್ನೊಬ್ಬರ ಮುಖ ನೋಡಿ ಕಣ್ಣು ತಪ್ಪಿಸಿದರು. ನನಗೆ ಅರ್ಥವಾಯಿತು. ಪ್ರತಿಯೊಬ್ಬರೂ ಲೆಕ್ಕ ಹಾಕುತ್ತಿದ್ದರು: ನಾನಂತೂ ಕೊಟ್ಟಿಲ್ಲ, ಉಳಿದ ಐವರು ಕೊಟ್ಟಿರಬೇಕು, ಈಗ ಬಾಯಿ ಬಿಟ್ಟರೆ ಎಲ್ಲರೆದುರು ಮರ್ಯಾದೆ ಹೋಗುತ್ತೆ.

ಕೂಸನ್ನು ಸೊಂಟದ ಮೇಲಿಟ್ಟುಕೊಂಡ ಹೆಂಗಸೊಬ್ಬಳು ಕೇಳಿದಳು, "ಈ ಗುಡ್ಡಕ್ಕೆ ದಿನಾ ಕೊಡ ಹೊತ್ತು ಹತ್ತೋದಾ? ಈಗ ನನಗೆ ಏಳು ತಿಂಗಳು."

"ಗೊತ್ತಮ್ಮ. ಆದ್ರೆ ನಿಮ್ಮ ಜೀವಕ್ಕಿಂತ..." ಅಂದರು ಡಾಕ್ಟ್ರಮ್ಮ. ಆಮೇಲೆ ಹಾಳೆ ತೆಗೆದು ಸುತ್ತಿಗೆ ಅಜ್ಜಿಯ ಕಡೆ ತಿರುಗಿದರು. "ಅಜ್ಜಿ, ಒಂದು ವಿಷಯ ಖಾತ್ರಿ ಮಾಡ್ಕೋಬೇಕು. ಆವತ್ತು ನೀವು ಎದ್ದ ತಕ್ಷಣದ್ದೇ ತುಂಬಿ ಕೊಟ್ರಾ, ಇಲ್ಲಾ ಬಿಸಿಲೇರಿದ ಮೇಲಾ?"

ಅಜ್ಜಿ ನನ್ನ ಕಡೆ ನೋಡಿದಳು. ಬಹಳ ಹೊತ್ತೇನೂ ಅಲ್ಲ. ನನ್ನ ಮುಖದಲ್ಲಿ ಏನಿತ್ತೋ, ಎಲ್ಲ ಓದಿಕೊಂಡಳು. ಮಗು ಬಿದ್ದಾಗ 'ಏನಾಗಿಲ್ಲ, ಏಳು' ಅಂತ ದೊಡ್ಡವರು ತಲೆ ಆಡಿಸುತ್ತಾರಲ್ಲ, ಹಾಗೆ ಸ್ವಲ್ಪವೇ ತಲೆ ಆಡಿಸಿದಳು.

"ಎದ್ದ ತಕ್ಷಣಾನೇ ಕಣಮ್ಮ," ಅಂದಳು. "ಬಾಯಿ ಕೂಡ ಮುಕ್ಕಳಿಸಿರಲಿಲ್ಲ. ಈ ಮಗಳು ಬಾಗಿಲಲ್ಲೇ ನಿಂತಿದ್ದಳು. ಕತ್ತಿನವರೆಗೂ ತುಂಬಿ ಕೊಟ್ಟೆ."

ನೆಲ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಆ ಮಾತು ಯಾಕೆ ಹುಟ್ಟಿತು ಅಂತ ಅವತ್ತು ತಿಳಿಯಿತು. ನನ್ನ ಕೆಲಸ ಉಳಿಸಲು ಆ ಮುದುಕಿ ತನ್ನ ಬಾವಿಯನ್ನೇ ಕೊಟ್ಟುಬಿಟ್ಟಳು, ಚಪ್ಪಟೆ ಹೆಬ್ಬೆರಳಿನಿಂದ ಮೂಗು ಉಜ್ಜಿಕೊಂಡು, ಅದೇನೂ ದೊಡ್ಡ ವಿಷಯವಲ್ಲ ಅನ್ನುವ ಹಾಗೆ.

ಬೆಸುಗೆಯವನು ಮುಚ್ಚಳವನ್ನ ಬಾವಿಕಟ್ಟೆಯ ಮೇಲೆ ಎತ್ತಿ ಇಟ್ಟ.

"ಕೊಟ್ಟಿಲ್ಲ," ಅಂದೆ.

"ಏನು ಅಕ್ಕ?"

"ಅಜ್ಜಿ ಕೊಟ್ಟಿಲ್ಲ ಮೇಡಂ. ಸುಳ್ಳು ಹೇಳ್ತಿದ್ದಾಳೆ. ನನಗೋಸ್ಕರ."

"ಇವಳಿಗೇನು ಗೊತ್ತು, ಕೊಟ್ಟವಳು ನಾನು," ಅಂತ ಅಜ್ಜಿ ಗದರಿದಳು. "ಸುಮ್ಮನಿರೇ!"

"ಅಜ್ಜಿ, ನಿನ್ನ ಬಾಟ್ಲೀಲಿ ಖಾರದ ಪುಡಿ ಇದೆ. ಯಾರೂ ಕೊಟ್ಟಿಲ್ಲ ಮೇಡಂ, ಆರು ಮನೆಯವರೂ."

ಎಣ್ಣೆ ತುಂಬಿಟ್ಟವಳು ಮೆಲ್ಲಗೆ, "ನಾನೂ ಕೊಟ್ಟಿಲ್ಲ," ಅಂದಳು. "ನಾನೂ," ಅಂದಳು ಗುಂಡಿಯವಳು. "ಅಯ್ಯೋ, ನೀನೂನಾ? ನಾನು ನೀನು ಕೊಟ್ಟಿದ್ದೀಯ ಅಂತಿದ್ದೆ!" "ನಿನ್ನ ಮುಖ ನೋಡಿ ನಾನು ಬಾಯಿ ಮುಚ್ಕೊಂಡಿದ್ದು!" ಅಲ್ಲೇ ಒಂದು ಗಲಾಟೆಯೆದ್ದಿತು, ನಗುವೂ ಇತ್ತು ಅದರಲ್ಲಿ. ಡಾಕ್ಟ್ರಮ್ಮ ಮಾತ್ರ ನಗಲಿಲ್ಲ.

"ಹಾಗಾದ್ರೆ ಆ ಆರು ಬಾಟ್ಲೀಲಿ ಇದ್ದದ್ದು ಯಾರದು?"

ಚಪ್ಪಲಿ ನೋಡುತ್ತಾ ಹೇಳಿದೆ, "ನಂದು."

ಗಲಾಟೆ ನಿಂತಿತು. ಡ್ರೈವರಣ್ಣ ಕೆಮ್ಮಿ ಆ ಕಡೆ ತಿರುಗಿದ. ಬೆಸುಗೆಯವನಿಗೆ ಅರ್ಥವಾಗಲು ಸ್ವಲ್ಪ ತಡವಾಯಿತು. ಆದಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಮೊದಲು ಮಾತಾಡಿದ್ದು ಅಜ್ಜಿಯೇ.

"ಅಲ್ಲವೇ, ನನ್ನ ಹೆಸರನ್ನ ಎಲ್ಲೆಲ್ಲೋ ಬರೆದಿದ್ದಾರೆ. ಕೂಲಿ ಪುಸ್ತಕದಲ್ಲಿ ಬರೆದಿದ್ದಾರೆ, ರೇಷನ್ ಚೀಟಿಯಲ್ಲಿ ತಪ್ಪು ತಪ್ಪಾಗಿ ಬರೆದಿದ್ದಾರೆ. ನೀನು ಹೋಗಿ ಹೋಗಿ ಅಲ್ಲಿ ಬರೆದೆಯಲ್ಲೇ!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ನಗಲಿ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿದ್ದೆನೇನೋ.

ಡಾಕ್ಟ್ರಮ್ಮ ಬಾವಿಕಟ್ಟೆಯ ಮೇಲೆ ಕೂತರು. ಕನ್ನಡಕ ತೆಗೆದರು. "ಆರಕ್ಕೆ ಆರೂ ಒಂದೇ ಥರ ಬಂದಾಗ ನನಗೇ ಅನುಮಾನ ಬರಬೇಕಿತ್ತು," ಅಂದರು, ನನಗಲ್ಲ, ಕನ್ನಡಕಕ್ಕೆ. "ಏನೋ ಸಿಕ್ತಲ್ಲ ಅನ್ನೋ ಖುಷಿ. ನಿಮ್ಮ ಅಕ್ಷರ ಬೇರೆ ಅಷ್ಟು ಚೆಂದ." ಆಮೇಲೆ ತಲೆ ಎತ್ತಿದರು. "ಕೆಳಗಿನ ಮುನ್ನೂರ ಆರು ಬಾಟ್ಲಿ?"

"ಅವೆಲ್ಲ ಅವರವರದೇ ಮೇಡಂ. ಆಣೆಗೂ."

"ನಾನು ಹೇಗೆ ನಂಬಲಿ ಅಕ್ಕ?"

ನೀವೇ ಹೇಳಿ, ನನ್ನ ಆಣೆಗೆ ಇನ್ನೇನು ಬೆಲೆ?

"ಎಲ್ಲಾ ಮೊದಲಿಂದ ಆಗಬೇಕು," ಅಂದರು. "ಮುನ್ನೂರ ಹನ್ನೆರಡು ಮನೆಗೂ ಮತ್ತೆ. ಟೈಲರ್ ತಂಗಿ ಬರ್ತಾಳೆ. ನೀವು ಅವಳ ಜೊತೆ ಪ್ರತಿ ಬಾಗಿಲಿಗೂ ಹೋಗಬೇಕು, ಯಾಕೆ ಮತ್ತೆ ಕೇಳ್ತಿದೀವಿ ಅಂತ ನೀವೇ ಹೇಳಬೇಕು. ಬಾಟ್ಲಿ ಮುಟ್ಟೋ ಹಾಗಿಲ್ಲ. ಪೆನ್ನು ಮುಟ್ಟೋ ಹಾಗಿಲ್ಲ."

"ಪ್ರತಿ ಬಾಗಿಲಿಗೂ?"

"ಪ್ರತಿ ಬಾಗಿಲಿಗೂ."

ಕೆಲಸದಿಂದ ತೆಗೆದುಹಾಕಿದ್ದರೆ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂರಬಹುದಿತ್ತು. ಅದಕ್ಕೂ ಬಿಡಲಿಲ್ಲ ಆ ಮಹಾತಾಯಿ. ಎದ್ದು ನನ್ನ ಹತ್ತಿರ ಬಂದು, ಎಲ್ಲರೆದುರಿಗೇ ಮಂಡಿಯೂರಿ, ಅತ್ತೆ ಒತ್ತಿದ ಜಾಗದಲ್ಲೇ ಹೆಬ್ಬೆರಳು ಒತ್ತಿ ನೋಡಿದರು.

"ಎಷ್ಟು ದಿನದಿಂದ ಹೀಗಿದೆ?"

"ಗೊತ್ತಿಲ್ಲ ಮೇಡಂ."

"ಗೊತ್ತಿಲ್ಲ," ಅಂತ ಅವರು ಮೆಲ್ಲಗೆ ನನ್ನ ಮಾತನ್ನೇ ಹೇಳಿದರು. "ನಾಳೆ ಬೆಳಗ್ಗೆ ಮೊದಲನೇ ಬಾಟ್ಲಿ ನಿಮ್ಮದು. ರಕ್ತವೂ ತಗೋತೀನಿ. ಆರಂಭದಲ್ಲೇ ಸಿಕ್ಕಿದ್ರೆ ಮಾತ್ರೆಯಲ್ಲೇ ಹಿಡಿದಿಡಬಹುದು." ಎದ್ದು ಮಂಡಿಯ ಮಣ್ಣು ಕೊಡವಿಕೊಂಡರು. "ಕೋಪ ಹೋಗಿದೆ ಅಂದ್ಕೋಬೇಡಿ."

"ಇಲ್ಲ ಮೇಡಂ."

ಅಜ್ಜಿ ಒಳಗೆ ಹೋಗಿ ಖಾರದ ಪುಡಿ ಬಾಟ್ಲಿ ತಂದು ಡಾಕ್ಟ್ರಮ್ಮನ ಮುಂದೆ ಹಿಡಿದಳು. "ತಗೋಮ್ಮ, ತೊಳೆದು ಕೊಡ್ಲಾ? ಈ ಸಲ ನಿಜವಾಗಲೂ ಕೊಡ್ತೀನಿ."

"ಬೇಡಜ್ಜಿ, ಹೊಸದು ಕೊಡ್ತೀವಿ."

"ಹಾಗಾದ್ರೆ ಇದು ನನಗೇನಾ?"

"ನಿಮಗೇ."

ಅಜ್ಜಿ ಮುಚ್ಚಳವನ್ನ ಇನ್ನೊಂದು ಸುತ್ತು ಬಿಗಿ ಮಾಡಿಕೊಂಡಳು.

*

ಸುದ್ದಿ ನನಗಿಂತ ಮೊದಲು ಗುಡ್ಡ ಇಳಿದಿತ್ತು. ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದರು.

"ಹೇಳಬೇಡ. ಮೂರು ಜನ ಬಂದು ಹೇಳಿಹೋದರು. ನಾಲ್ಕನೆಯವಳು ಈಗಷ್ಟೇ ಹೋದಳು. ಕಾಲು ಮೇಲಿಟ್ಟುಕೊಂಡು ಕೂತ್ಕೋ." ಒಂದು ಮಣೆ ದೂಡಿದರು. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಿಂದಲೇ, "ಒಬ್ಬಳದನ್ನ ಆರಕ್ಕೆ ಹಂಚಿದಳಂತೆ. ಈ ಮನೇಲಿ ಸಾರು ಮೂರು ಜನಕ್ಕೆ ಹಂಚೋಕೆ ಬರಲ್ಲ ಇವಳಿಗೆ," ಅಂದರು. ಯಜಮಾನರು ಆ ರಾತ್ರಿ ಊಟ ಮಾಡುವಾಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಪಾಪ, ಮಿಲ್ಲಿನಲ್ಲಿ ಅವರನ್ನ ಎಷ್ಟು ಆಡಿಕೊಂಡಿದ್ದರೋ.

ಮರುದಿನ ಏಳೂವರೆಗೆ ಬಾಟ್ಲಿ ಹಿಡಿದು ಕೇಂದ್ರದ ಮುಂದೆ ಹೋದೆ. ಟೈಲರ್ ತಂಗಿ ನನ್ನ ಸ್ಟೂಲಿನ ಮೇಲೆ ಕೂತಿದ್ದಳು. ನನ್ನನ್ನ ಕಂಡು ಗಡಬಡಿಸಿ ಎದ್ದಳು.

"ಕೂತ್ಕೋ ತಂಗಿ. ಅದು ನಿನ್ನ ಜಾಗ."

"ಅಕ್ಕ, ನಿಮ್ಮನ್ನ ಕೇಳೋಕೆ ನನಗೆ..."

"ಕೇಳು. ಎಲ್ಲರನ್ನೂ ಕೇಳೋ ಹಾಗೇ ಕೇಳು."

ಅವಳು ಫಾರಂ ತೆಗೆದಳು. ನನ್ನ ಹೆಸರು ಗೊತ್ತಿದ್ದರೂ ಕೇಳಿದಳು, ಹೇಳಿದೆ. ಕೋಳಿ ಕಾಲಿನ ಅಕ್ಷರದಲ್ಲಿ ಬರೆದುಕೊಂಡಳು. ಒಂದೊಂದೇ ಪ್ರಶ್ನೆ ದಾಟಿ ಹನ್ನೊಂದಕ್ಕೆ ಬಂದಾಗ, ತಿಂಗಳ ಸಭೆಯಲ್ಲಿ ನಾನು ಹೇಳಿಕೊಟ್ಟ ಹಾಗೆಯೇ, ಕಿಟಕಿಯ ಕಡೆ ನೋಡುತ್ತಾ ಓದಿದಳು.

"ನೊರೆ ಬಂದು ನಿಲ್ಲುತ್ತಾ ಅಕ್ಕ?"

"ನಿಲ್ಲುತ್ತೆ."

"ಎಷ್ಟು ದಿನದಿಂದ?"

"ಈ ಕೆಲಸಕ್ಕೆ ಸೇರೋಕೆ ಮುಂಚಿನಿಂದಲೂ," ಅಂದೆ. "ಹಾಗೇ ಬರಕೋ."

ಡ್ರೈವರಣ್ಣ ನನ್ನ ಬಾಟ್ಲಿಯನ್ನ ಐಸ್ ಡಬ್ಬಿಯೊಳಗಿಟ್ಟು, ಡಬ್ಬಿಯನ್ನ ಜೀಪಿಗೆ ಏರಿಸಿ, ಸ್ಟೀರಿಂಗ್ ಹಿಡಿದು ಕೂತ. ಕೀ ತಿರುಗಿಸಲಿಲ್ಲ. ನನ್ನ ಕೈ ಅದಾಗಿಯೇ ಮೇಲೆದ್ದು ಗಾಡಿಯ ಮೈಯ ಹತ್ತಿರ ಹೋಗಿ, ಹಾಗೇ ನಿಂತಿತು. ಟೈಲರ್ ತಂಗಿ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು, ಆಮೇಲೆ ಮುಂದೆ ಬಂದು ಎರಡು ಸಲ ತಟ್ಟಿದಳು.